ಮೂರು ವರ್ಷ ಮಾರಿದ ವೀಣೆ

ಮನೆಗೆ ಬಂದ ಗಿರಾಕಿಯನ್ನು ಕಾಫಿ ಕೊಟ್ಟು ಓಡಿಸುವ ವಿದ್ಯೆ ಕಲಿಯಬೇಕೇ? ನಮ್ಮ ದೊಡ್ಡಪ್ಪನ ಹತ್ತಿರ ಬನ್ನಿ! ಜೀವನ್ ಬಿಮಾ ನಗರದ ಮನೆಯಲ್ಲಿ ಅವರು ಮೂರು ವರ್ಷ ಒಂದು ವೀಣೆ ಮಾರಿದರು. ಮೂರು ವರ್ಷವೂ ವೀಣೆ ಅಲ್ಲೇ ಇತ್ತು.

ಅದು ದೊಡ್ಡಮ್ಮನ ತವರಿನಿಂದ ಬಂದ ಹಲಸಿನ ಮರದ ಹಳೇ ವೀಣೆ. "ಮೂಲೇಲಿ ಇಡ್ಬೇಡಿ, ನುಡಿಸೋರ ಕೈಗೆ ಕೊಟ್ಬಿಡಿ" ಎಂದು ಮಾತು ತೆಗೆದುಕೊಂಡೇ ದೊಡ್ಡಮ್ಮ ಕಣ್ಣು ಮುಚ್ಚಿದ್ದರು. ಜಾಹೀರಾತು ಹಾಕಿದ್ದು ಮಹಡಿ ಮೇಲಿರುವ ನಾನು. ದೊಡ್ಡಪ್ಪ ಬರೆಸಿದ್ದು ಇಷ್ಟು: "ವೀಣೆ ಮಾರಾಟಕ್ಕಿದೆ. ಗಾಂಧಾರ ಸರಿಯಿಲ್ಲ. ಮಧ್ಯಾಹ್ನ ಮೂರಕ್ಕೆ ಬನ್ನಿ."

ಮೂರು ಗಂಟೆ ದೊಡ್ಡಮ್ಮ ನುಡಿಸುತ್ತಿದ್ದ ಹೊತ್ತು. ಕಿಟಕಿಯ ಬಿಸಿಲು ಮೆಲ್ಲಗೆ ಚಾಪೆ ಹತ್ತಿ ವೀಣೆಯ ಕಡೆ ಬರುತ್ತದೆ. ದೊಡ್ಡಪ್ಪ ನಡುಮನೆಯಲ್ಲಿ ಕೊಡೆ ಬಿಚ್ಚಿ, ವೀಣೆಗೆ ನೆರಳು ಹಿಡಿದು, ಕಣ್ಣು ಮುಚ್ಚಿ ಕೂತುಬಿಡುತ್ತಾರೆ. ಏನೋ ಕೇಳಿಸುತ್ತಿರುವ ಹಾಗೆ ತಲೆ ತೂಗುತ್ತಾರೆ.

"ಪರದೆ ಎಳೀಬಾರ್ದಾ ದೊಡ್ಡಪ್ಪ?"

"ನಿಮ್ ದೊಡ್ಡಮ್ಮಂಗೆ ಕತ್ಲೆ ಆಗಲ್ಲ ಕಣೋ."

ಇದಕ್ಕೆ ಏನು ಹೇಳುತ್ತೀರಿ?

ಇಂದಿರಾನಗರದ ಹೋಟೆಲಿನವನೊಬ್ಬ ಬಂದ. "ನಮ್ ಗೋಡೆಗೆ ಸೂಪರಾಗಿರುತ್ತೆ ಅಂಕಲ್!"

"ಗೋಡೆಗೆ ಗಡಿಯಾರ ಹಾಕಪ್ಪ. ಟೈಮಾದ್ರೂ ತೋರ್ಸುತ್ತೆ."

ಹಲಸೂರಿನ ಸಂಗೀತದ ಮೇಷ್ಟ್ರು ಬಂದು ಅರ್ಧ ಗಂಟೆ ನುಡಿಸಿದರು. ದೊಡ್ಡಪ್ಪ ಕೊಡೆಯ ಕೆಳಗೆ ತೇಲಿಹೋಗಿದ್ದರು. ಮಾರಾಟವಾಯಿತೆಂದು ನಾನು ಆಟೋ ಕರೆಯಲು ಹೊರಟೆ.

"ನಾದ ರೊಂಬ ಚೆನ್ನಾಗಿದೆ ಸಾರ್. ತಂತಿ ಕೆಳಗಿನ ಮೇಣ ಕೆರೆದು ಸ್ವರದ ಮೆಟ್ಟಿಲು ಹೊಸದಾಗಿ ಕೂರಿಸ್ಬಿಟ್ರೆ ಗಾಂಧಾರಾನೂ ಸರಿಹೋಗುತ್ತೆ."

ದೊಡ್ಡಪ್ಪ ಕಣ್ಣು ಬಿಟ್ಟರು. "ಕಾಫಿ ಕುಡ್ಕೊಂಡು ಹೊರಡಿ."

ನನಗೆ ರೇಗಿಹೋಯಿತು. "ಕೊಡೋ ಮನಸ್ಸಿದ್ಯೋ ಇಲ್ವೋ?"

"ಮಾತು ಕೊಟ್ಟಿದ್ದೀನಲ್ಲಪ್ಪ" ಎಂದರು, ಸಣ್ಣ ದನಿಯಲ್ಲಿ.

ಹೋದ ತಿಂಗಳು ಕೆ.ಆರ್. ಪುರದಿಂದ ಒಬ್ಬ ಹೆಂಗಸು ಬಂದಳು. ಚಾಪೆಯ ಮೇಲೆ ಕೂತು ನುಡಿಸಿದಳು. ಗಾಂಧಾರ ಬಂದಾಗ ತಂತಿಯನ್ನು ಕೊಂಚ ಎಳೆದು ಸ್ವರವನ್ನು ಸರಿಯಾದ ಜಾಗಕ್ಕೆ ಏರಿಸಿಕೊಂಡಳು.

"ರಿಪೇರಿ ಮಾಡಿಸಲ್ವೇನಮ್ಮ?" ದೊಡ್ಡಪ್ಪ ಕೇಳಿದರು.

"ಬೇಡ ಅಂಕಲ್. ಇಲ್ಲಿ ಮೇಣದ ಮೇಲೆ ಯಾರದೋ ಹೆಬ್ಬೆರಳಿನ ಗುರುತಿದೆ. ಕೆರೆದ್ರೆ ಹೊರಟೋಗುತ್ತೆ."

ನಾನೂ ಬಗ್ಗಿ ನೋಡಿದೆ. ಒಂದು ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಮೆಟ್ಟಿಲು ಜಾರಿದಾಗ ದೊಡ್ಡಮ್ಮ ತಾವೇ ಒತ್ತಿ ಕೂರಿಸಿದ್ದರಂತೆ; ದೊಡ್ಡಪ್ಪ ಆಗ ಹೇಳಿದರು. ಕೂತದ್ದು ಕೂದಲೆಳೆಯಷ್ಟು ಆಚೆ; ಗಾಂಧಾರ ಕೆಟ್ಟದ್ದು ಅದಕ್ಕೇ. ಅವರ ಹೆಬ್ಬೆರಳಿನ ಗೆರೆಗಳು ಕಪ್ಪು ಮೇಣದಲ್ಲಿ ಹಾಗೇ ಉಳಿದಿದ್ದವು. ಮೂರು ವರ್ಷ ಆ ವೀಣೆಯ ಧೂಳು ಒರೆಸಿದವನು ನಾನು. ಒಂದು ಸಲವೂ ಕಾಣಿಸಿರಲಿಲ್ಲ. ನನಗೆ ನಾಚಿಕೆಯಾಯಿತು.

ಆಟೋ ಬಂತು. ದೊಡ್ಡಪ್ಪ ತಾವೇ ವೀಣೆಯನ್ನು ಎತ್ತಿ ಕೂರಿಸಿದರು. ಒಳಗೆ ಹೋಗಿ ಕೊಡೆ ತಂದು ಆಕೆಯ ಕೈಗಿಟ್ಟರು. "ಬಿಸಿಲು ತಾಗಿಸ್ಬೇಡಮ್ಮ."

ಮಾರನೆಯ ದಿನ ಮೂರು ಗಂಟೆಗೆ ಇಳಿದು ಬಂದೆ. ಬಿಸಿಲು ಚಾಪೆಯ ತುಂಬ ಹರಡಿತ್ತು. ದೊಡ್ಡಪ್ಪ ಅದರ ನಡುವೆ ಕಣ್ಣು ಮುಚ್ಚಿ ಕೂತಿದ್ದರು. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ.

"ಕೊಟ್ಬಿಟ್ಟೆ ಕಣೇ" ಎನ್ನುತ್ತಿದ್ದರು.