ದಂಡಿರುವೆಯ ಮೇಲೆ ಬೋರಲು ಹಾಕಿದ ಬುಟ್ಟಿ

ಇರುವೆಗಳ ವಿಷಯದಲ್ಲಿ ಇಡೀ ನವನಗರದಲ್ಲಿ ನನಗಿಂತ ತಿಳಿದವರಿಲ್ಲ ಎಂಬುದು ನನ್ನ ನಮ್ರ ಅಭಿಪ್ರಾಯವಾಗಿತ್ತು. ಅದನ್ನು ಹಾಳು ಮಾಡಿದವರು ಪಕ್ಕದ ಮನೆಯ ದಸ್ತಗೀರ ಸಾಹೇಬರು. ವಾಚು ರಿಪೇರಿಯವರು, ನನ್ನನ್ನು ನೋಡಿಯೇ ಇರುವೆ ನೋಡಲು ಕಲಿತವರು. ಬಾದಾಮಿ ಗುಡ್ಡದಲ್ಲಿ ವಾಚಿನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಒಮ್ಮೆ ಬಗ್ಗಿದವರೇ ದಂಡಿರುವೆಯ ಸಾಲು ಕಂಡುಬಿಟ್ಟರು! ಬೇರೆ ಇರುವೆಗಳ ಗೂಡಿಗೆ ದಂಡು ಕಟ್ಟಿ ನುಗ್ಗಿ, ಮರಿ ಹೊತ್ತೊಯ್ಯುವ ಕಣ್ಣಿಲ್ಲದ ಇರುವೆ ಅದು. ಅದಕ್ಕಾಗಿ ನಾನು ಮೂರು ವರ್ಷ ಬಗ್ಗಿ ಸೊಂಟ ಹಿಡಿಸಿಕೊಂಡಿದ್ದೆ. ನಮ್ಮ ನಿಸರ್ಗ ಬಳಗದ ದಾಖಲೆ ಪುಸ್ತಕದಲ್ಲಿ ಅವರ ಹೆಸರು ಬಂತು. ನಾನೂ ಚಪ್ಪಾಳೆ ತಟ್ಟಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಹೀಗಿರಲು ಒಂದು ಶುಕ್ರವಾರ ನನ್ನದೇ ಹಿತ್ತಲಲ್ಲಿ, ಕರಿಬೇವಿನ ಬುಡದಲ್ಲಿ, ದಂಡಿರುವೆ! ಭಾನುವಾರ ಬಳಗದವರನ್ನು ಚಹಾಕ್ಕೆ ಕರೆದೆ. ಸಾಹೇಬರನ್ನು ಬಿಟ್ಟೆ. ಅವರು ಗೋಡೆಯಾಚೆಯಿಂದ ಇಣುಕಬಾರದೆಂದು ಇರುವೆಗಳ ಮೇಲೆ ರೊಟ್ಟಿ ಬುಟ್ಟಿ ಬೋರಲು ಹಾಕಿದೆ.

“ಏನ್ರಿ, ಅವು ಒಂದ ಕಡೆ ಇರೂದಿಲ್ಲ, ಠಿಕಾಣಿ ಬದಲಿಸ್ಕೋಂತ ಹೋಗ್ತಾವು ಅಂತ ನೀವ ಹೇಳಿದ್ರೆಲ್ಲ?” ಎಂದಳು ಹೆಂಡತಿ ಶಾಂತಾ.

“ಅದು ಅಡವ್ಯಾಗ. ಇಲ್ಲೆ ಬುಟ್ಟಿ ಐತಿ.”

“ದಸ್ತಗೀರಣ್ಣಗ ಹೇಳೀರಿಲ್ಲೋ?”

“ಅವರಿಗೆ ಅಂಗಡಿ ಇರ್ತೈತಿ.”

“ಐತಾರ ಅಂಗಡಿ ಬಂದ್ ಇರ್ತೈತ್ರಿ.”

ನಾನು ಕೇಳಿಸದವನಂತೆ ಒಳಗೆ ಹೋದೆ.

ಶನಿವಾರ ನನಗೇ ಅಂಜಿಕೆ ಹುಟ್ಟಿತು. ಅತಿಥಿಗಳು ಹಸಿದು ಎದ್ದು ಹೋದರೆ? ಬುಟ್ಟಿಯೊಳಗೆ ಒಂದು ಹಿಡಿ ಸಕ್ಕರೆ ಬಡಿಸಿದೆ. ದಂಡಿರುವೆ ಸಕ್ಕರೆ ಮೂಸಿಯೂ ನೋಡುವುದಿಲ್ಲವೆಂದು ಬಳಗಕ್ಕೆ ಉಪನ್ಯಾಸ ಕೊಟ್ಟಿದ್ದವನೂ ನಾನೇ.

ಭಾನುವಾರ ಎಂಟು ಜನ ಬಂದರು. ಹತ್ತು ನಿಮಿಷ ಪ್ರಾಸ್ತಾವಿಕ ಮಾತಾಡಿ ಬುಟ್ಟಿ ಎತ್ತಿದೆ. ಸಕ್ಕರೆಯ ಸುತ್ತ ಮನೆಯ ಕಪ್ಪಿರುವೆ ಮುತ್ತಿಕೊಂಡಿದ್ದವು. ದಂಡಿರುವೆ ಒಂದೂ ಇರಲಿಲ್ಲ.

“ಸರ್, ಇವು ನಮ್ಮ ಮನಿ ಸಕ್ಕರಿ ಡಬ್ಬ್ಯಾಗೂ ಅದಾವ್ರಿ,” ಎಂದರು ಬಳಗದ ಕಾರ್ಯದರ್ಶಿ.

ಆಗ ಗೋಡೆಯ ಮೇಲೆ ದಸ್ತಗೀರ ಸಾಹೇಬರ ತಲೆ ಕಾಣಿಸಿತು, ಭೂತಗನ್ನಡಿ ಸಮೇತ.

“ಸರ್, ಲಗೂನ ಬರ್ರಿ. ನಿಮ್ಮ ಗ್ವಾಡಿ ಬುಡದಾಗಿಂದ ದಂಡಿರವಿ ನಮ್ಮ ಹಿತ್ತಲಕ್ಕ ಬಂದಾವ!”

ಎಂಟೂ ಜನ ಚಹಾದ ಕಪ್ಪು ಹಿಡಿದುಕೊಂಡೇ ಆ ಕಡೆ ಓಡಿದರು. ಹಿಂದೆ ಶಾಂತಾ, ಕೆಟಲಿಯೊಂದಿಗೆ. ಕಣ್ಣಿಲ್ಲದ ಇರುವೆಗಳಿಗೂ ಅವರ ಮನೆಯೇ ಕಾಣಬೇಕೇ ಎಂದುಕೊಳ್ಳುತ್ತ ಕೊನೆಗೆ ನಾನೂ ಹೋದೆ.

ಕಾರ್ಯದರ್ಶಿ ಪುಸ್ತಕ ತೆಗೆದರು. ಸಾಹೇಬರು ತಡೆದರು.

“ಹೆಸರು ಸರ್ ಅವರದು ಬರೀರಿ. ಇರವಿ ಅವರ ಹಿತ್ತಲದಾಗಿನವು. ಮೊದಲ ಕಂಡವರು ಅವರು, ಭಾಷಣ ನಮ್ಮ ಹಿತ್ತಲಕ್ಕೂ ಕೇಳಿಸ್ತು.”

ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ಸಾಹೇಬರನ್ನು ಕೊಂಡಾಡಿದರು. ಅವರು ಕಂಡ ಇರುವೆಯ ಮೇಲಿನ ಹೊಟ್ಟೆಕಿಚ್ಚನ್ನು ಹೇಗೋ ತಡೆದುಕೊಂಡಿದ್ದೆ. ಈಗ ಅವರ ಮನಸ್ಸಿನ ಮೇಲೂ ಹೊಟ್ಟೆಕಿಚ್ಚು.

ನನ್ನ ಹೆಸರೇನೋ ಪುಸ್ತಕದಲ್ಲಿ ಬಂತು. ಕಂಡವರು: ನಾನು. ಸ್ಥಳ: ದಸ್ತಗೀರ ಸಾಹೇಬರ ಹಿತ್ತಲು.