ಬಿಳಿ ಅರಿವೆಯ ತುಂಡು

ನಮ್ಮ ಮಾವನವರು, ಅಂದರೆ ನಿಮ್ಮ ಮುತ್ಯಾನ ಅಪ್ಪ, ನನ್ನನ್ನು ಸೊಸೆಯೆಂದು ಒಪ್ಪಿದ್ದು ರೂಪ ನೋಡಿಯಲ್ಲ, ಗುಣ ನೋಡಿಯೂ ಅಲ್ಲ. ಪಿತ್ತದ ಚೀಲ ನೋಡಿ! ನಿಜಾಮರ ಆಳಿಕೆ ಮುಗಿದ ಮರುವರ್ಷ ಗೊರೇಬಾಳಕ್ಕೆ ಹೆಣ್ಣು ನೋಡಲು ಬಂದವರು ಹಾಡು ಹೇಳಿಸಲಿಲ್ಲ, ಹೆಸರನ್ನೂ ಕೇಳಲಿಲ್ಲ. ಅಂಗಳದ ಬಿಸಿಲಿಗೆ ನಿಲ್ಲಿಸಿ, ನನ್ನ ಕಣ್ಣಿನ ಪಕ್ಕ ಬಿಳಿ ಅರಿವೆಯ ತುಂಡೊಂದನ್ನು ಹಿಡಿದರು. "ಕಣ್ಣು ಬೆಳ್ಳಗದಾವು. ಹುಡುಗಿ ಪಿತ್ತದ ಚೀಲ ಚೊಲೋ ಐತಿ" ಎಂದರು. ಲಗ್ನ ಗೊತ್ತಾಯಿತು.

ಮಸ್ಕಿಯಲ್ಲಿ ಅವರದು ಅರಿವೆ ಅಂಗಡಿ. ಎಲ್ಲ ಜಡ್ಡಿಗೂ ಪಿತ್ತವೇ ಮೂಲ, ಕಣ್ಣಿನ ಹಳದಿಯೇ ಅದರ ಗುರುತು ಎಂದು ಅವರ ನಂಬಿಕೆ. ಧೋತರ ಕೊಳ್ಳಲು ಬಂದವನು ಪಿತ್ತದ ಮದ್ದೆಂದು ನೆಲನೆಲ್ಲಿ ಸೊಪ್ಪು ಕಟ್ಟಿಸಿಕೊಂಡು ಹೋಗುತ್ತಿದ್ದ. ಧೋತರವೇ? ಅದು ಇಬ್ಬರಿಗೂ ಮರೆತಿರುತ್ತಿತ್ತು.

ಒಮ್ಮೆ ಸಿಂಧನೂರಿನ ಬಸ್ಸು ನಿಲ್ಲಿಸಿ, ಒಳಗಿದ್ದವರನ್ನೆಲ್ಲ ಬಿಸಿಲಿಗೆ ಇಳಿಸಿ ಕಣ್ಣು ನೋಡಿದರಂತೆ. ಕಡೆಗೆ ಡ್ರೈವರ್ ಕೈಮುಗಿದ. "ಸಾವ್ಕಾರ್ರ, ನಮ್ಮ ಬಸ್ಸಿನ ದೀಪಾನೂ ಹಳದಿ ಅದಾವ್ರಿ. ಅದಕ್ಕೂ ಒಂದೀಟು ಕಷಾಯ ಕುಡಸ್ರಿ."

ಹೆಣ್ಣು ನೋಡಿದ ದಿನ ಬಿಸಿಲಿಗೆ ಕಣ್ಣು ಕುಕ್ಕಿ ಅವರ ಮುಖ ಕಂಡಿರಲಿಲ್ಲ; ಇಂಥವರ ಮನೆಗೆ ಬಂದ ಮೇಲೂ ನೋಡಿರಲಿಲ್ಲ. ಮಾವನ ಎದುರು ಸೊಸೆ ಮುಖದ ಮೇಲೆ ಸೆರಗು ಇಳಿಸಿ, ತಲೆ ತಗ್ಗಿಸಿ ನಿಲ್ಲಬೇಕು. ಐದು ವರ್ಷ ನನಗೆ ಗೊತ್ತಿದ್ದದ್ದು ಅವರ ಪಾದ ಮಾತ್ರ. ಸಂತೆಯಲ್ಲಿ ತಪ್ಪಿಸಿಕೊಂಡಿದ್ದರೆ ಹೆಬ್ಬೆರಳು ನೋಡುತ್ತ ಹುಡುಕಬೇಕಿತ್ತು!

ಆ ಐದನೆಯ ವರ್ಷ ಅವರಿಗೆ ಅನ್ನ ಸೇರದಾಯಿತು. ಮೈ ತುರಿಕೆ, ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕುತ್ತ ನಿಲ್ಲುವರು. ಅಂಗಡಿಯ ಕನ್ನಡಿ ಹಳೆಯದು, ಅದರಲ್ಲಿ ಎಲ್ಲರೂ ಹಳದಿಯೇ. ತಮ್ಮ ಕಣ್ಣು ಹೇಗಿವೆಯೆಂದು ಅತ್ತೆಯವರನ್ನು ಕೇಳಿದರು. "ಬೆಳ್ಳಗ ಅದಾವು, ಉಣ್ರಿ ಸುಮ್ನ." ಮಗನನ್ನು ಕೇಳಿದರು. "ಹಾಲಿನಂಗದಾವ ಯಪ್ಪಾ" ಎಂದು ನಿಮ್ಮ ಮುತ್ಯಾ ಸರಸರ ಹೊರಗೆ ನಡೆದರು.

ಆಗ ನನ್ನನ್ನು ಅಂಗಳಕ್ಕೆ ಕರೆದರು. "ಬಾರವ್ವಾ. ಸೆರಗ ತಗದು ನೋಡು. ಇವರಿಬ್ರಿಗೂ ನನ್ನ ಮ್ಯಾಲ ಜೀವ, ಅದಕ್ಕ ಸುಳ್ಳ ಹೇಳಾಕತ್ಯಾರ."

ಅತ್ತೆ ಮುಖ ತಿರುಗಿಸಿದರು. ನಾನು ಸೆರಗು ಸರಿಸಿ ತಲೆ ಎತ್ತಿದೆ, ಅವರ ಕಣ್ಣಿನ ಪಕ್ಕ ಅರಿವೆಯ ತುಂಡು ಹಿಡಿದೆ.

"ಹಳದಿ ಅದಾವ್ರಿ ಮಾವಾರ."

"ಎಂಥಾ ಹಳದಿ?"

"ಅರಿಷಿಣದಂಥಾದ್ರಿ."

"ಶಾಣ್ಯಾಕಿ" ಎಂದು ಲಿಂಗಸೂಗೂರಿಗೆ ಹೊರಟೇಬಿಟ್ಟರು. ಅಲ್ಲಿನ ಡಾಕ್ಟರು ಪಕ್ಕೆಲುಬಿನ ಕೆಳಗೆ ಒತ್ತಿ ನೋಡಿ, ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಹೊಟ್ಟೆ ಕೊಯ್ದು ನೋಡಿದರೆ ಪಿತ್ತದ ಚೀಲದಲ್ಲೇ ಕೆಟ್ಟ ಗಡ್ಡೆ. ತೆಗೆಯಲು ಬರದೆಂದು ಹಾಗೆಯೇ ಹೊಲಿದರು.

ಊರಿಗೆ ಬಂದವರ ಜಂಬ ನೋಡಬೇಕಿತ್ತು. "ಡಾಕ್ಟರ್ ಇಂಥಾ ಗಡ್ಡಿ ಬುಕ್ಕಿನಾಗ ಓದಿದ್ನಂತ, ಕಣ್ಣಿಲೆ ಕಂಡಿದ್ದಿಲ್ಲಂತ. ಪಿತ್ತ, ಪಿತ್ತ ಅಂದ್ರ ನಗ್ತಿದ್ರಿ. ಈಗ ನಗ್ರಿ!"

ಯಾರೂ ನಗಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಸೆರಗು ತೆಗೆದು ಅವರ ಕಣ್ಣಿನ ಬಣ್ಣ ಹೇಳುವುದು ನನ್ನ ಕೆಲಸವಾಯಿತು. ಅರಿಷಿಣ, ಮಾವಿನಹಣ್ಣು, ಚೆಂಡುಹೂವು. ಒಂದು ಬೆಳಿಗ್ಗೆ ಅವರಿಗೆ ಏಳಲೂ ಆಗಲಿಲ್ಲ. "ಇವತ್ತ ಯಾವ ಬಣ್ಣ?" ಎಂದರು.

"ಬೆಳ್ಳಗ ಅದಾವ್ರಿ."

"ಅರಿವಿ ಹಿಡದು ನೋಡಿದೇನು?"

ಕೈ ಚಾಚಿ, ನನ್ನ ಮುಷ್ಟಿಯಲ್ಲಿದ್ದ ತುಂಡನ್ನು ತೆಗೆದುಕೊಂಡರು. ನಾನು ಕಣ್ಣೊರೆಸಿಕೊಂಡು ಅದು ತೊಯ್ದು ಮುದ್ದೆಯಾಗಿತ್ತು. ಬೆರಳಲ್ಲಿ ಸವರಿದರು.

"ಇರ್ಲಿ ಬಿಡವ್ವಾ," ಎಂದರು, "ಒಣಗಿದ ಮ್ಯಾಲ ನೋಡೂಣು."