ಚೌತಿಯ ಚಂದ್ರನಿಗೆ ಬೆನ್ನು ಹಾಕಿ ಬರೆದ ಚಿತ್ರ

ಚಂದ್ರನ ಚಿತ್ರ ಬರೆಯುವುದು ಏನು ಮಹಾ ಕೆಲಸ ಎಂದು ನಾನು ತಿಳಿದಿದ್ದೆ. ದಿನವೂ ತುಳಸಿಕಟ್ಟೆಯ ಎದುರು ರಂಗೋಲಿ ಹಾಕುವ ಕೈ ನನ್ನದು. ತಾವರೆ ಬರೆದಿದ್ದೇನೆ, ನವಿಲು ಬರೆದಿದ್ದೇನೆ. ಅವುಗಳ ಮುಂದೆ ಚಂದ್ರ ಎಷ್ಟರವನು? ಒಂದು ಗೀಟು ಹೀಗೆ, ಒಂದು ಗೀಟು ಹಾಗೆ, ಮುಗಿಯಿತು. ಈ ಧೈರ್ಯವೇ ನನ್ನ ಮಗಳನ್ನು ವಿಜ್ಞಾನದಿಂದ ಹೊರಗೆ ಹಾಕಿತು.

ಆಗ ನಾವು ಉಪ್ಪಿನಂಗಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಇವರಿಗೆ ಜವಳಿ ಅಂಗಡಿಯಲ್ಲಿ ಕೆಲಸ. ಮಗಳು ಸುಮತಿ ಏಳನೆಯ ತರಗತಿ. ಅವಳಿಗೂ ವಿಜ್ಞಾನಕ್ಕೂ ಎಣ್ಣೆ ಸೀಗೆಯ ಸಂಬಂಧ. ವಿಜ್ಞಾನದ ಪರೀಕ್ಷೆ ಎಂದರೆ ಬೆಳಿಗ್ಗೆಯೇ ಹೊಟ್ಟೆನೋವು, ಶಾಲೆಯ ಗಂಟೆ ಹೊಡೆದ ಮೇಲೆ ಗುಣ.

ಆ ವರ್ಷ ವಿಜ್ಞಾನಕ್ಕೆ ಹೊಸ ಮಾಷ್ಟ್ರು ಬಂದರು. ಏನು ಹೇಳಿಕೊಟ್ಟರೋ, ಹುಡುಗಿ ಒಂದು ಸಂಜೆ ಲಾಟೀನನ್ನು ಚಾವಡಿಯ ನಡುವೆ ಇಟ್ಟು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಗರಗರ ಸುತ್ತತೊಡಗಿದಳು. ನಾನು ಸಾರಿಗೆಂದು ತೆಗೆದಿಟ್ಟ ಕಾಯಿ ಚಂದ್ರನಾಗಿ ಹೋಗಿತ್ತು! ಊಟಕ್ಕೆ ತಡವಾಯಿತು. ಆದರೆ ಹೊಟ್ಟೆನೋವು ಹೋಯಿತಲ್ಲ, ಅಷ್ಟು ಸಾಕು ಎಂದು ದೇವರಿಗೆ ಕೈಮುಗಿದೆ. ಮಾಷ್ಟ್ರಿಗಿದ್ದ ಹುಚ್ಚು ಇವಳಿಗೂ ಅಂಟಿತ್ತು. ದೊಡ್ಡವಳಾದ ಮೇಲೆ ವಿಜ್ಞಾನವನ್ನೇ ಕಲಿಸುವ ಟೀಚರ್ ಆಗುತ್ತೇನೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಅಮಾವಾಸ್ಯೆ ಕಳೆದ ಮೇಲೆ ಮಾಷ್ಟ್ರು ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಸಂಜೆ ಸಂಜೆ ಚಂದ್ರನನ್ನು ನೋಡಿ, ಹಾಳೆಯಲ್ಲಿ ಗೆರೆ ಎಳೆದ ಮನೆಗಳಲ್ಲಿ, ದಿನಕ್ಕೊಂದು ಮನೆಯಂತೆ, ಕಂಡ ಹಾಗೆಯೇ ಬರೆಯಬೇಕು. ಮೋಡ ಇದ್ದರೆ ‘ಮೋಡ’ ಎಂದು ಬರೆಯಬೇಕು. ನೋಡದ್ದನ್ನು ಬರೆಯಬಾರದು. ಎಲ್ಲ ಸರಿ. ಆದರೆ ಅದು ಭಾದ್ರಪದ ಮಾಸ. ನಡುವೆ ಚೌತಿ ಕೂತಿದೆ! ಚೌತಿಯ ಚಂದ್ರನನ್ನು ನೋಡಿದವರಿಗೆ ಮಾಡದ ತಪ್ಪಿನ ಅಪವಾದ ಬರುವುದು ಖಂಡಿತ. ಸಾಕ್ಷಾತ್ ಕೃಷ್ಣನಿಗೇ ತಪ್ಪಲಿಲ್ಲ, ಇನ್ನು ಸುಮತಿ ಯಾವ ಲೆಕ್ಕ?

ಚೌತಿಯ ಸಂಜೆ ಕಿಟಕಿ ಬಾಗಿಲು ಮುಚ್ಚಿ ಅವಳನ್ನು ಒಳಗೆ ಕೂರಿಸಿದೆ. ಅಷ್ಟು ದಿನ ಸುರಿದ ಮಳೆ ಆ ದಿನವೇ ಬಿಟ್ಟಿತ್ತು. ಹಾಳೆಯಲ್ಲಿ ಒಂದು ಮನೆ ಖಾಲಿ ಉಳಿಯುತ್ತದೆ ಎಂದು ಹುಡುಗಿ ಅತ್ತೇ ಅತ್ತಳು. ‘ಮೋಡ’ ಎಂದು ಬರೆ ಎನ್ನೋಣವೆಂದರೆ ಅದು ಸುಳ್ಳು. ಹಬ್ಬದ ದಿನ ಮಗುವಿನ ಕೈಯಲ್ಲಿ ಸುಳ್ಳು ಬರೆಸುವುದೇ? ಚಂದ್ರ ಇರುವುದು ನಿಜ, ಆದ್ದರಿಂದ ಚಂದ್ರನನ್ನು ಬರೆದರೆ ಸತ್ಯ. ಹೀಗೆ ಧರ್ಮಸೂಕ್ಷ್ಮವನ್ನು ವಿಚಾರ ಮಾಡಿ, “ಅಳಬೇಡ, ಚಂದ್ರನನ್ನು ನಾನು ತರ್ತೇನೆ” ಎಂದೆ.

ಆಚೆ ಮನೆಯ ಐಸಮ್ಮನ ಜನ ಉಪವಾಸ ಹಿಡಿಯುವುದೂ ಹಬ್ಬ ಮಾಡುವುದೂ ಚಂದ್ರ ಕಂಡ ಮೇಲೆಯೇ. ಅಂಥವಳ ಕಣ್ಣಿಗಿಂತ ದೊಡ್ಡ ಸಾಕ್ಷಿ ಬೇಕೇ? ಹಾಳೆ, ಪೆನ್ಸಿಲು ಹಿಡಿದು, ತಲೆ ತಗ್ಗಿಸಿ ಅಂಗಳಕ್ಕೆ ಹೋಗಿ, ನದಿಯ ಕಡೆಗೆ ಅಂದರೆ ಪಡುವಣಕ್ಕೆ ಬೆನ್ನು ಹಾಕಿ ನಿಂತು ಅವಳನ್ನು ಕರೆದೆ.

“ಅಕ್ಕ, ಚಂದ್ರ ಇಷ್ಟು ಚಂದ ಉಂಟು, ನೀವೆಂತ ಬೆನ್ನು ಹಾಕಿ ನಿಂತದ್ದು?” ಎಂದಳು.

ವಿಷಯ ಹೇಳಿದೆ. ಅವಳು ನಗುತ್ತಾ ನನ್ನ ಎದುರು ಬೇಲಿಯ ಬಳಿ ನಿಂತು, ನನ್ನ ಹೆಗಲ ಮೇಲಿಂದ ಆಕಾಶ ನೋಡಿ, ಬಲಗೈ ಎತ್ತಿ ಹೆಬ್ಬೆರಳು ತೋರುಬೆರಳು ಬಾಗಿಸಿ, “ಇಕೊಳ್ಳಿ, ಹೀಗೆ” ಎಂದಳು. ಅವಳ ಬೆರಳು ಬಾಗಿದ ಹಾಗೆ ಕೂದಲೆಳೆಯೂ ತಪ್ಪದೆ ಬರೆದೆ. ಒಳಗೆ ಬಂದು ಸುಮತಿಯ ಕೈಗೆ ಕೊಟ್ಟು, ಇದು ನೋಡಿಯೇ ಬರೆದದ್ದು ಎಂದೆ. ಯಾರು ನೋಡಿದ್ದು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಹಬ್ಬದ ಮರುದಿನ ಹಾಳೆ ಶಾಲೆಗೆ ಹೋಯಿತು. ಸಂಜೆ ಹುಡುಗಿ ಕಣ್ಣು ಕೆಂಪು ಮಾಡಿಕೊಂಡು ಬಂದಳು. ಎಲ್ಲರ ಚಂದ್ರನ ಹೊಟ್ಟೆ ಬಲಕ್ಕೆ, ಇವಳ ಚೌತಿಯ ಚಂದ್ರನದ್ದು ಮಾತ್ರ ಎಡಕ್ಕೆ! ನೋಡದೆ ಬರೆದೆಯಲ್ಲ ಎಂದು ಮಾಷ್ಟ್ರು ಕೇಳಿದರಂತೆ. ಇವಳು ನನ್ನ ಮಾತು ನಂಬಿ, ನೋಡಿಯೇ ಬರೆದದ್ದು ಎಂದು ಹಟ ಹಿಡಿದಳಂತೆ. ಸುಳ್ಳು ಹೇಳಬಾರದು ಎಂದು ಎಲ್ಲರೆದುರು ಹೇಳಿಸಿಕೊಂಡು ಬಂದಿದ್ದಳು. ಚಂದ್ರನನ್ನು ನೋಡಿದ ಮಕ್ಕಳಿಗೆ ಏನೂ ಆಗಲಿಲ್ಲ. ಅಪವಾದ ಬಂದದ್ದು ನೋಡದವಳಿಗೆ.

ಇವರು ಹಾಳೆಯನ್ನು ಅತ್ತ ಇತ್ತ ತಿರುಗಿಸಿ ನೋಡಿ, “ಐಸಮ್ಮ ನಿನ್ನೆದುರು ನಿಂತದ್ದಲ್ವಾ ಮಾರಾಯ್ತಿ? ಅವಳ ಬಲ ನಿನಗೆ ಎಡ” ಎಂದರು. ಅಂಗಡಿಯಲ್ಲಿ ಗಿರಾಕಿಗೆ ಕನ್ನಡಿ ಹಿಡಿದು ಹಿಡಿದು ಬಂದ ಜ್ಞಾನ!

ಮರುದಿನ ಉಳಿದಿದ್ದ ಪಂಚಕಜ್ಜಾಯವನ್ನು ಡಬ್ಬಿಗೆ ಹಾಕಿಕೊಂಡು, ಮಗಳ ಮಾನ ಉಳಿಸಲು ನಾನೇ ಶಾಲೆಗೆ ಹೊರಟೆ. ಬರಬೇಡ ಎಂದು ಸುಮತಿ ಬೇಡಿಕೊಂಡಳು. ಕೇಳಿದ್ದರೆ ಚೆನ್ನಾಗಿತ್ತು.

ನಡೆದದ್ದನ್ನೆಲ್ಲ ಹೇಳಿದಾಗ ಮಾಷ್ಟ್ರಿಗೆ ಪಾಪ ಅನ್ನಿಸಿತು. “ಅಮ್ಮ, ಮನೆಯಲ್ಲಿ ಬೇಡ ಅಂದ್ರೆ ಚೌತಿಯ ಮನೆ ಖಾಲಿ ಬಿಡಿ ಅಂತ ನಾನೇ ಹೇಳಿದ್ದೆ. ಅರ್ಧ ಮಕ್ಕಳದ್ದು ಖಾಲಿಯೇ ಉಂಟು” ಎಂದರು. ಅದನ್ನು ಹೇಳಲು ಆ ದಿನ ಹುಡುಗಿಗೆ ನಾನು ಬಾಯಿ ತೆರೆಯಗೊಟ್ಟಿದ್ದರಲ್ಲವೇ?

ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಐಸಮ್ಮನ ಕೈಯ ಕಥೆ ಕೇಳಿ ಮಾಷ್ಟ್ರ ಕಣ್ಣು ಹೊಳೆಯಿತು. ಇಷ್ಟು ಒಳ್ಳೆಯ ಪಾಠ ಪುಸ್ತಕದಲ್ಲಿಯೂ ಇಲ್ಲ ಎಂದು ನನ್ನನ್ನು ತರಗತಿಗೇ ಕರೆದುಕೊಂಡು ಹೋದರು. ಕರಿಹಲಗೆಯಲ್ಲಿ ಚಂದ್ರನನ್ನು ಬರೆದು, ನನ್ನನ್ನು ಅದಕ್ಕೆ ಬೆನ್ನು ಹಾಕಿ ನಿಲ್ಲಿಸಿ, ನನ್ನ ಕೈಗೆ ಸ್ಲೇಟು ಕೊಟ್ಟರು. ಎದುರಿಗೆ ಐಸಮ್ಮನ ಪಾತ್ರಕ್ಕೆ ಸುಮತಿ. ಅವಳು ಕೈ ಎತ್ತಿದಳು, ನಾನು ಬರೆದೆ. ಸ್ಲೇಟು ತಿರುಗಿಸಿ ತೋರಿಸಿದಾಗ ಮಕ್ಕಳು ಬೆಂಚು ಬಡಿದು ನಕ್ಕರು. ಎಡ ಹೊಟ್ಟೆಯ ಬಾಗು ಚಂದ್ರ ಕಾಣುವುದು ಅಮಾವಾಸ್ಯೆಯ ಮೊದಲು, ನಸುಕಿನಲ್ಲಿ, ಮೂಡಣದಲ್ಲಿ ಎಂದು ಮಾಷ್ಟ್ರು ಕುಣಿದಾಡಿ ವಿವರಿಸಿದರು. ಎಲ್ಲರಿಗೂ ಪಾಠ ತಲೆಗೆ ಹತ್ತಿತು. ಒಬ್ಬಳು ಮಾತ್ರ ನೆಲ ನೋಡುತ್ತಿದ್ದಳು.

ಅಂದಿನಿಂದ ಅವಳಿಗೆ ‘ಉಲ್ಟಾ ಚಂದ್ರ’ ಎಂದು ಹೆಸರು ಬಿತ್ತು. ಮಾಷ್ಟ್ರು ಎಷ್ಟು ಗದರಿಸಿದರೂ ಹೋಗಲಿಲ್ಲ. ಹಾಳೆಯ ಉಳಿದ ಮನೆಗಳು ಖಾಲಿಯಾಗಿಯೇ ಉಳಿದವು. ಮಾಷ್ಟ್ರು ಮರುವರ್ಷ ಬೇರೆ ಊರಿಗೆ ಹೋದರು. ಸುಮತಿ ಹೊಲಿಗೆ ಕಲಿತಳು. ಚೆನ್ನಾಗಿಯೇ ಹೊಲಿಯುತ್ತಾಳೆ, ದೇವರು ದೊಡ್ಡವನು. ಆದರೆ ಟೀಚರ್ ಆಗುವ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.

ನನಗೋ, ಆ ಒಂದು ಪಾಠ ತಲೆಯಿಂದ ಇಳಿಯಲೇ ಇಲ್ಲ. ಸಂಜೆ ದೀಪ ಹಚ್ಚಿ ಹೊರಗೆ ಬಂದರೆ ಕಣ್ಣು ತಾನಾಗಿ ಆಕಾಶಕ್ಕೆ ಹೋಗುತ್ತದೆ. ಇವತ್ತು ಹೊಟ್ಟೆ ಎಷ್ಟು ತುಂಬಿತು, ನಾಳೆ ಎಲ್ಲಿಗೆ ಬಂದಾನು ಎಂದು ಲೆಕ್ಕ ಹಾಕುತ್ತೇನೆ. “ಸುಮತಿ, ಬಾ, ನೋಡು” ಎಂದರೆ ಒಳಗಿನಿಂದ, “ನೀನೇ ನೋಡು ಅಮ್ಮ” ಎನ್ನುತ್ತಾಳೆ.

ಅಂಥ ಮಾಷ್ಟ್ರಿಗೆ ನಮ್ಮ ಮನೆಯಿಂದ ಒಬ್ಬ ಶಿಷ್ಯೆ ಸಿಕ್ಕಿದ್ದು ದೇವರ ದಯೆ. ಐದನೆಯ ತರಗತಿಗೇ ಶಾಲೆ ಬಿಟ್ಟ ನಾನು.